ಪೆಟ್ರೋಲ್ ಬಿಟ್ಟು ಪೆಡಲ್: ಸೈಕಲ್‌ನಲ್ಲಿ ಆಫೀಸಿಗೆ ಹೋದರೆ ನಿಜಕ್ಕೂ ಎಷ್ಟು ಉಳಿಯುತ್ತೆ? ಇಲ್ಲಿದೆ ಪೂರ್ತಿ ಲೆಕ್ಕ

ಮನೆ ಬಾಡಿಗೆ, ಮಕ್ಕಳ ಫೀಸು, ದಿನಸಿ. ತಿಂಗಳ ಖರ್ಚಿನ ಪಟ್ಟಿಯಲ್ಲಿ ಇವು ಮೂರರ ನಂತರ ಬರುವ ಸಾಲು ಓಡಾಟದ್ದು. ಊರು ಬಿಟ್ಟು ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಯಲ್ಲಿ ಬದುಕು ಕಟ್ಟಿಕೊಂಡಿರುವ ಕನ್ನಡಿಗರಿಗೆ ಈ ಸಾಲು ಸಣ್ಣದೇನಲ್ಲ. ಒಂದು ಸೈಕಲ್ ತಗೊಂಡರೆ ದುಡ್ಡು ಉಳಿಯುತ್ತೆ ಎಂದು ಎಲ್ಲರೂ ಹೇಳುತ್ತಾರೆ. ಎಷ್ಟು ಉಳಿಯುತ್ತೆ ಎಂದು ಕೇಳಿದರೆ ಮಾತ್ರ ಯಾರ ಬಳಿಯೂ ಲೆಕ್ಕ ಇರುವುದಿಲ್ಲ.

ಉತ್ತರ ಒಂದೇ ಅಲ್ಲ. ನೀವು ಈಗ ಯಾವುದರಲ್ಲಿ ಹೋಗುತ್ತಿದ್ದೀರಿ ಎಂಬುದರ ಮೇಲೆ ಉಳಿತಾಯ ನಿಂತಿದೆ. ಸ್ಕೂಟರ್ ಬಿಟ್ಟು ಸೈಕಲ್ ಹತ್ತಿದವರಿಗೆ ಸಿಗುವುದು ಕಡಿಮೆ. ಆಟೊ ಅಥವಾ ಕಾರು ಬಿಟ್ಟವರಿಗೆ ಚೆನ್ನಾಗಿಯೇ ಸಿಗುತ್ತದೆ. ಇನ್ನೊಂದು ಗಾಡಿ ಕೊಳ್ಳುವ ಯೋಚನೆಯನ್ನೇ ಕೈಬಿಟ್ಟವರಿಗೆ ಎಲ್ಲರಿಗಿಂತ ಹೆಚ್ಚು.

ಒಂದೇ ನೋಟದಲ್ಲಿ

• ಆಫೀಸು 6 ಕಿ.ಮೀ. ದೂರದಲ್ಲಿದ್ದು ವರ್ಷಕ್ಕೆ 175 ದಿನ ಸೈಕಲ್ ತುಳಿದರೆ: ಸ್ಕೂಟರ್ ಬದಲಿಗಾದರೆ ಸುಮಾರು 3,900 ರೂ., ಕಾರಿನ ಬದಲಿಗಾದರೆ ಸುಮಾರು 15,200 ರೂ., ಮುಂಬೈ ಆಟೊ ಬದಲಿಗಾದರೆ ಸುಮಾರು 34,000 ರೂ. ಉಳಿತಾಯ.
• ಬಸ್ ಪಾಸ್ ಅಥವಾ ಲೋಕಲ್ ಪಾಸ್ ಬಿಟ್ಟು ಸೈಕಲ್ ತುಳಿದರೆ ಹಣದ ಲಾಭ ಅತ್ಯಲ್ಪ.
• ಸೈಕಲ್‌ಗೆ ಲೈಸೆನ್ಸ್, ನೋಂದಣಿ, ವಿಮೆ, ಮಾಲಿನ್ಯ ತಪಾಸಣೆ ಯಾವುದೂ ಬೇಕಿಲ್ಲ.
• ರಸ್ತೆ ಸುರಕ್ಷಿತವಲ್ಲದಿದ್ದರೆ ಯಾವ ಉಳಿತಾಯವೂ ಉಳಿತಾಯವಲ್ಲ.

ಲೆಕ್ಕ ಹಾಕಿದ್ದು ಹೇಗೆ?

ಪೆಟ್ರೋಲ್ ದರ ಎಲ್ಲ ನಗರಗಳಲ್ಲಿ ಒಂದೇ ಇರುವುದಿಲ್ಲ. ರಾಜ್ಯಗಳು ವಿಧಿಸುವ ವ್ಯಾಟ್ ಬೇರೆ ಬೇರೆ ಇರುವುದೇ ಇದಕ್ಕೆ ಮುಖ್ಯ ಕಾರಣ. 2024ರ ಮಾರ್ಚ್‌ನಲ್ಲಿ ಲೀಟರ್‌ಗೆ 2 ರೂ. ಇಳಿಕೆಯಾದಾಗ ದೆಹಲಿಯಲ್ಲಿ ಸುಮಾರು 95 ರೂ., ಚೆನ್ನೈನಲ್ಲಿ 101 ರೂ., ಮುಂಬೈನಲ್ಲಿ 104 ರೂ. ಇತ್ತು. ಹೈದರಾಬಾದ್‌ನಲ್ಲಿ 107 ರೂ. ದಾಟಿತ್ತು. ಲೆಕ್ಕ ಸುಲಭವಾಗಲಿ ಎಂದು ಇಲ್ಲಿ ಲೀಟರ್‌ಗೆ 100 ರೂ. ಎಂದು ಇಟ್ಟುಕೊಳ್ಳೋಣ. ನಿಮ್ಮ ಊರಿನ ಇಂದಿನ ದರ ಹಾಕಿ ನೀವೇ ತಿದ್ದಿಕೊಳ್ಳಬಹುದು.

ಮನೆಯಿಂದ ಆಫೀಸಿಗೆ 6 ಕಿ.ಮೀ. ಎಂದರೆ ಹೋಗಿ ಬರಲು 12 ಕಿ.ಮೀ. ವರ್ಷಕ್ಕೆ 250 ಕೆಲಸದ ದಿನ ಎಂದುಕೊಂಡರೆ 3,000 ಕಿ.ಮೀ. ಆದರೆ ವರ್ಷವಿಡೀ ಸೈಕಲ್ ತುಳಿಯುತ್ತೇನೆ ಎಂದುಕೊಳ್ಳುವುದು ಸರಿಯಾದ ಲೆಕ್ಕವಲ್ಲ. ಜೋರು ಮಳೆ ಬರುತ್ತದೆ, ಬಿಸಿಲು ಏರುತ್ತದೆ, ಮೈ ಸರಿ ಇರುವುದಿಲ್ಲ, ಒಂದು ದಿನ ಸಂಜೆ ಮದುವೆಗೆ ಹೋಗಬೇಕಿರುತ್ತದೆ. ಹಾಗಾಗಿ ನೂರಕ್ಕೆ 70 ದಿನ, ಅಂದರೆ ವರ್ಷಕ್ಕೆ 175 ದಿನ ಮಾತ್ರ ಸೈಕಲ್ ಎಂದು ಹಿಡಿದಿದ್ದೇವೆ. ದೂರ 2,100 ಕಿ.ಮೀ.

ಸೈಕಲ್‌ಗೂ ಖರ್ಚಿದೆ. ಪಂಕ್ಚರ್, ಬ್ರೇಕ್ ರಬ್ಬರ್, ಚೈನಿಗೆ ಎಣ್ಣೆ, ಒಂದೆರಡು ಸಲ ಸರ್ವಿಸ್, ಸವೆದ ಟಯರ್ ಎಲ್ಲ ಸೇರಿ ವರ್ಷಕ್ಕೆ 1,800 ರೂ. ಎಂದು ತೆಗೆದಿಡೋಣ. ಸೈಕಲ್‌ಗೆ 9,000 ರೂ., ಹೆಲ್ಮೆಟ್, ಬೀಗ, ಲೈಟು, ಪಂಪಿಗೆ 2,500 ರೂ., ಒಟ್ಟು ಬಂಡವಾಳ 11,500 ರೂ.

ಸ್ಕೂಟರ್ ಬದಲು ಸೈಕಲ್: ನಿರೀಕ್ಷೆಗಿಂತ ಕಡಿಮೆ

ಸ್ಕೂಟರ್ ಲೀಟರ್‌ಗೆ 45 ಕಿ.ಮೀ. ಕೊಡುತ್ತದೆ ಎಂದುಕೊಂಡರೆ 2,100 ಕಿ.ಮೀ.ಗೆ ಬೇಕಾಗುವುದು ಸುಮಾರು 47 ಲೀಟರ್. ಉಳಿಯುವ ಪೆಟ್ರೋಲ್ ಹಣ ಸುಮಾರು 4,700 ರೂ. ಗಾಡಿ ಕಡಿಮೆ ಓಡಿದ್ದರಿಂದ ಆಯಿಲ್, ಟಯರ್, ಬ್ರೇಕ್ ಖರ್ಚಿನಲ್ಲಿ ಅಂದಾಜು 1,000 ರೂ. ಮಿಗುತ್ತದೆ. ಸೈಕಲ್‌ನ 1,800 ರೂ. ಕಳೆದರೆ ಕೈಗೆ ಸಿಗುವುದು ವರ್ಷಕ್ಕೆ 3,900 ರೂ. ತಿಂಗಳಿಗೆ 325 ರೂ.

ಹೊಸ ಸೈಕಲ್‌ಗೆ ಹಾಕಿದ 11,500 ರೂ. ವಾಪಸ್ ಬರಲು ಸುಮಾರು ಮೂರು ವರ್ಷ ಬೇಕು. ಕಾರಣ ಸರಳ. ಭಾರತದ ಸ್ಕೂಟರ್‌ಗಳು ಪೆಟ್ರೋಲ್ ವಿಷಯದಲ್ಲಿ ಈಗಾಗಲೇ ಮಿತವ್ಯಯಿ. ಸ್ಕೂಟರ್ ಮನೆಯಲ್ಲೇ ನಿಂತಿದ್ದರೂ ಅದರ ವಿಮೆ ಕಟ್ಟಲೇಬೇಕು, ಬ್ಯಾಟರಿ ಹಳೆಯದಾಗುತ್ತದೆ, ಮಾರಾಟದ ಬೆಲೆ ಇಳಿಯುತ್ತದೆ. ಸೈಕಲ್ ತುಳಿದರೂ ಈ ಖರ್ಚುಗಳು ನಿಲ್ಲುವುದಿಲ್ಲ.

ಹಾಗಾಗಿ ಸ್ಕೂಟರ್ ಇರುವವರು ಬರೀ ದುಡ್ಡಿಗಾಗಿ 25,000 ರೂ.ಗಳ ಸೈಕಲ್ ಕೊಂಡರೆ ಲೆಕ್ಕ ಕೂಡುವುದಿಲ್ಲ. ಮನೆಯಲ್ಲಿ ಧೂಳು ಹಿಡಿದ ಹಳೆಯ ಸೈಕಲ್ ಇದ್ದರೆ ಅದನ್ನೇ 1,000–1,500 ರೂ. ಖರ್ಚು ಮಾಡಿ ರಿಪೇರಿ ಮಾಡಿಸಿ. ಆಗ ಹಾಕಿದ ಹಣ ಆರು ತಿಂಗಳ ಒಳಗೇ ಹುಟ್ಟುತ್ತದೆ.

ಕಾರಿನ ಬದಲು ಸೈಕಲ್: ವರ್ಷದೊಳಗೆ ಬಂಡವಾಳ ವಾಪಸ್

ನಗರದ ಟ್ರಾಫಿಕ್‌ನಲ್ಲಿ ಪೆಟ್ರೋಲ್ ಕಾರು ಲೀಟರ್‌ಗೆ 15 ಕಿ.ಮೀ. ಕೊಟ್ಟರೆ 2,100 ಕಿ.ಮೀ.ಗೆ 140 ಲೀಟರ್, ಅಂದರೆ 14,000 ರೂ. ಸರ್ವಿಸ್, ಟಯರ್ ಸವೆತದಲ್ಲಿ ಅಂದಾಜು 3,000 ರೂ. ಸೇರಿಸಿ, ಸೈಕಲ್ ಖರ್ಚು ಕಳೆದರೆ ವರ್ಷಕ್ಕೆ 15,200 ರೂ. ಉಳಿಯುತ್ತದೆ. ಸುಮಾರು ಒಂಬತ್ತು ತಿಂಗಳಲ್ಲಿ ಸೈಕಲ್‌ನ ಹಣ ವಾಪಸ್. ಆಫೀಸಿನ ಬಳಿ ಪಾರ್ಕಿಂಗ್‌ಗೆ ದುಡ್ಡು ಕೊಡುತ್ತಿದ್ದರೆ ಅದೂ ಈ ಲೆಕ್ಕಕ್ಕೆ ಸೇರುತ್ತದೆ.

ಕಾರನ್ನು ಸಣ್ಣ ದೂರಕ್ಕೆ ಬಳಸಿದಷ್ಟೂ ಅದರ ಮೈಲೇಜ್ ಕೆಡುತ್ತದೆ. ಎಂಜಿನ್ ಬಿಸಿಯಾಗುವ ಮೊದಲೇ ತರಕಾರಿ ಅಂಗಡಿ ಬಂದಿರುತ್ತದೆ. ಟ್ಯೂಷನ್, ಹಾಲಿನ ಬೂತ್, ಮೆಡಿಕಲ್ ಶಾಪ್‌ನಂಥ ಒಂದೆರಡು ಕಿಲೋಮೀಟರ್ ಓಡಾಟವನ್ನು ಸೈಕಲ್‌ಗೆ ವರ್ಗಾಯಿಸಿದರೂ ಸಾಕು, ವ್ಯತ್ಯಾಸ ಗೊತ್ತಾಗುತ್ತದೆ.

ಆಟೊ ಬದಲು ಸೈಕಲ್: ಅತಿ ಹೆಚ್ಚು ಲಾಭ ಇಲ್ಲೇ

ಮುಂಬೈ ಮಹಾನಗರ ಪ್ರದೇಶದಲ್ಲಿ 2025ರ ಫೆಬ್ರುವರಿ 1ರಿಂದ ಆಟೊ ಕನಿಷ್ಠ ದರ ಮೊದಲ 1.5 ಕಿ.ಮೀ.ಗೆ 26 ರೂ. ಆಯಿತು. ನಂತರದ ಪ್ರತಿ ಕಿ.ಮೀ.ಗೆ 17.14 ರೂ. ಇದರಂತೆ 6 ಕಿ.ಮೀ.ಗೆ ಸುಮಾರು 103 ರೂ., ಹೋಗಿ ಬರಲು 206 ರೂ. ವರ್ಷಕ್ಕೆ 175 ದಿನ ಆಟೊ ತಪ್ಪಿಸಿದರೆ 36,050 ರೂ. ಉಳಿಯುತ್ತದೆ. ಸೈಕಲ್ ಖರ್ಚು ಕಳೆದರೂ 34,000 ರೂ. ದಾಟುತ್ತದೆ. ಹಾಕಿದ ಬಂಡವಾಳ ನಾಲ್ಕು ತಿಂಗಳಲ್ಲಿ ವಾಪಸ್.

ದಿನಾ ಆಫೀಸಿನವರೆಗೂ ಆಟೊದಲ್ಲಿ ಹೋಗುವವರು ಕಡಿಮೆ ಎನ್ನಬಹುದು. ಆದರೆ ಸ್ಟೇಷನ್‌ವರೆಗೆ ಆಟೊ ಹಿಡಿಯುವವರು ಲಕ್ಷಾಂತರ ಮಂದಿ. ಡೊಂಬಿವಲಿ, ಥಾಣೆ, ಭಾಂಡುಪ್, ಮೀರಾ ರೋಡ್ ಕಡೆ ಇರುವವರಿಗೆ ಇದು ನಿತ್ಯದ ಮಾತು. ಮನೆಯಿಂದ ಸ್ಟೇಷನ್ 3 ಕಿ.ಮೀ. ಇದ್ದರೆ ಮೀಟರ್ ಪ್ರಕಾರ ಸುಮಾರು 52 ರೂ., ಹೋಗಿ ಬರಲು 104 ರೂ. ತಿಂಗಳಿಗೆ 22 ದಿನಕ್ಕೆ 2,288 ರೂ. ಲೋಕಲ್ ರೈಲಿನ ಸೆಕೆಂಡ್ ಕ್ಲಾಸ್ ತಿಂಗಳ ಪಾಸ್‌ಗೆ ಕೆಲವು ನೂರು ರೂಪಾಯಿ ಕೊಟ್ಟು ಹತ್ತಾರು ಕಿ.ಮೀ. ಹೋಗುವವರು, ಸ್ಟೇಷನ್‌ವರೆಗಿನ 3 ಕಿ.ಮೀ.ಗೆ ಅದರ ಹಲವು ಪಟ್ಟು ಕೊಡುತ್ತಿದ್ದಾರೆ!

ಈ 3 ಕಿ.ಮೀ. ಸೈಕಲ್‌ನಲ್ಲಿ 12ರಿಂದ 15 ನಿಮಿಷದ ದಾರಿ. ಬೆಳಗ್ಗೆ ಆಟೊ ಸಾಲಿನಲ್ಲಿ ನಿಲ್ಲುವ ಹೊತ್ತು ಸೇರಿಸಿದರೆ ಸಮಯವೂ ಹೆಚ್ಚು ಕಡಿಮೆ ಒಂದೇ. ಶೇರ್ ಆಟೊದಲ್ಲಿ ಹೋಗುವವರಿಗೆ ಉಳಿತಾಯ ಇಷ್ಟಿರುವುದಿಲ್ಲ. ಸ್ಟೇಷನ್ ಬಳಿ ಸೈಕಲ್ ನಿಲ್ಲಿಸಲು ಶುಲ್ಕ ಇದ್ದರೆ ಅದನ್ನೂ ಕಳೆಯಬೇಕು. ಸೈಕಲ್ ಮತ್ತು ಲೋಕಲ್ ಎರಡನ್ನೂ ಜೋಡಿಸಿದರೆ ಎಷ್ಟು ಕೆಲಸ ಸಾಗುತ್ತದೆ ಎಂಬುದಕ್ಕೆ ಮುಂಬೈನ ಡಬ್ಬಾವಾಲಾಗಳಿಗಿಂತ ಬೇರೆ ಉದಾಹರಣೆ ಬೇಕಿಲ್ಲ.

ಬಸ್, ಲೋಕಲ್, ಮೆಟ್ರೊ ಬಿಡಬೇಕೆ?

ಹಣದ ದೃಷ್ಟಿಯಿಂದ ಬೇಡ. ಪಾಸ್ ಇಟ್ಟುಕೊಂಡು ಓಡಾಡುವವರ ಖರ್ಚು ಈಗಾಗಲೇ ಕಡಿಮೆ. ಬಸ್ಸು ರೈಲು ಬಿಟ್ಟು 15 ಕಿ.ಮೀ. ತುಳಿದರೆ ಉಳಿಯುವುದಕ್ಕಿಂತ ದಣಿವೇ ಹೆಚ್ಚು. ಬಸ್ಸು, ರೈಲಿನ ಎರಡು ತುದಿಗಳಲ್ಲಿರುವ ಆಟೊವನ್ನು ತಪ್ಪಿಸುವುದೇ ಜಾಣತನ.

ದೊಡ್ಡ ಉಳಿತಾಯ: ಕೊಳ್ಳದೆ ಬಿಟ್ಟ ಗಾಡಿ

ಪೆಟ್ರೋಲ್ ಲೆಕ್ಕಕ್ಕಿಂತ ದೊಡ್ಡ ಲೆಕ್ಕ ಇದು. ಗಂಡನಿಗೊಂದು ಸ್ಕೂಟರ್ ಇದೆ, ಹೆಂಡತಿಗೆ ಕೆಲಸ ಸಿಕ್ಕಿದೆ, ಇನ್ನೊಂದು ಸ್ಕೂಟರ್ ಬೇಕು ಎಂಬ ಮಾತು ಮನೆಯಲ್ಲಿ ಬರುತ್ತದೆ. ಇಬ್ಬರಲ್ಲಿ ಒಬ್ಬರ ಕೆಲಸದ ಜಾಗ 5 ಕಿ.ಮೀ. ಒಳಗಿದ್ದರೆ ಒಮ್ಮೆ ನಿಂತು ಯೋಚಿಸಿ.

ಸ್ಕೂಟರ್‌ಗಾಗಿ 80,000 ರೂ. ಸಾಲವನ್ನು ಶೇ 12ರ ಬಡ್ಡಿಗೆ ಮೂರು ವರ್ಷಕ್ಕೆ ತೆಗೆದರೆ ಇಎಂಐ ಸುಮಾರು 2,650 ರೂ. ಬಡ್ಡಿಯೇ 15,000 ರೂ. ದಾಟುತ್ತದೆ. ಅಂದರೆ ಆ ಬಡ್ಡಿ ಹಣದಲ್ಲೇ ಒಂದು ಒಳ್ಳೆಯ ಸೈಕಲ್ ಬರುತ್ತದೆ. ಕಾರಿಗೆ 5 ಲಕ್ಷ ರೂ. ಸಾಲ, ಶೇ 9.5 ಬಡ್ಡಿ, ಐದು ವರ್ಷ ಎಂದರೆ ಇಎಂಐ ಸುಮಾರು 10,500 ರೂ. ಒಟ್ಟು ಕಟ್ಟುವುದು 6.3 ಲಕ್ಷ ರೂ. ಮೇಲೆ ವಿಮೆ, ಸರ್ವಿಸ್, ಸೊಸೈಟಿಯ ಪಾರ್ಕಿಂಗ್ ಶುಲ್ಕ.

ಎರಡನೇ ಗಾಡಿಯನ್ನು ಎರಡು ವರ್ಷ ಮುಂದೂಡಿದರೂ ಲಾಭವೇ. ಅಷ್ಟರಲ್ಲಿ ಸಾಲವಿಲ್ಲದೆ ಕೊಳ್ಳುವಷ್ಟು ಹಣ ಕೂಡಿರಬಹುದು. ಅಥವಾ ಗಾಡಿಯೇ ಬೇಡ ಎನಿಸಿರಬಹುದು.

ಉಳಿದ ಹಣ ಎಲ್ಲಿ ಹೋಯಿತು?

ಸೈಕಲ್ ತುಳಿಯುವ ಹಲವರ ದೂರು ಇದು. ಪೆಟ್ರೋಲ್ ಹಾಕಿಸಿಲ್ಲ, ಆದರೂ ತಿಂಗಳ ಕೊನೆಗೆ ಏನೂ ಉಳಿದಿಲ್ಲ. ಉಳಿದ ಹಣವನ್ನು ಬೇರೆ ಖಾತೆಗೆ ಹಾಕದಿದ್ದರೆ ಅದು ಇನ್ನೊಂದು ಖರ್ಚಿನಲ್ಲಿ ಕರಗುತ್ತದೆ. ಅರ್ಧ ಗಂಟೆ ಸೈಕಲ್ ತುಳಿದರೆ ಸುಮಾರು 200ರಿಂದ 250 ಕ್ಯಾಲರಿ ಖರ್ಚಾಗಿ ಹಸಿವು ಹೆಚ್ಚುತ್ತದೆ. ದಾರಿಯಲ್ಲಿ ದಿನಾ ಒಂದು ಮಸಾಲೆ ದೋಸೆ ತಿಂದರೆ ಪೆಟ್ರೋಲ್ ಹಣ ಹೋಟೆಲ್‌ಗೆ ಹೋಗುತ್ತದೆ, ಅಷ್ಟೆ.

ಉಪಾಯ ಸರಳ. ತಿಂಗಳ ಮೊದಲ ವಾರದಲ್ಲೇ ಆ ಮೊತ್ತ ತಾನಾಗಿ ಕಡಿತವಾಗುವಂತೆ ಆರ್‌ಡಿ ತೆರೆಯಿರಿ. ಅಂಚೆ ಕಚೇರಿಯ ಐದು ವರ್ಷದ ಆರ್‌ಡಿಗೆ 2023ರ ಅಕ್ಟೋಬರ್‌ನಿಂದ ಶೇ 6.7 ಬಡ್ಡಿ ನಿಗದಿಯಾಗಿತ್ತು. ಈ ದರದಲ್ಲಿ ತಿಂಗಳಿಗೆ 1,000 ರೂ. ಹಾಕಿದರೆ ಐದು ವರ್ಷದಲ್ಲಿ 71,000 ರೂ. ದಾಟುತ್ತದೆ. ಬಡ್ಡಿ ದರವನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ಪರಿಶೀಲಿಸುತ್ತದೆ, ಖಾತೆ ತೆರೆಯುವ ದಿನದ ದರ ಕೇಳಿಕೊಳ್ಳಿ.

ಯಾವ ಸೈಕಲ್ ತಗೊಳ್ಳಬೇಕು?

2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮತ್ತು ಅದರ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಅಂಗಡಿಯಲ್ಲಿ ಬಿಲ್ ಕೇಳಿ ಪಡೆಯಿರಿ. ಸೈಕಲ್ ಕಳವಾದರೆ ದೂರು ಕೊಡಲು ಬಿಲ್ ಮತ್ತು ಫ್ರೇಮ್ ಮೇಲಿನ ನಂಬರ್ ಬೇಕು.

• ಸಾದಾ ಸೈಕಲ್: ಗೇರ್ ಇಲ್ಲದ, ಕ್ಯಾರಿಯರ್, ಚೈನ್ ಕವರ್, ಮಡ್‌ಗಾರ್ಡ್, ಸ್ಟ್ಯಾಂಡ್ ಇರುವ ಸೈಕಲ್. ಸುಮಾರು 5,000–8,000 ರೂ. ಸಮತಟ್ಟಾದ ರಸ್ತೆ, 5 ಕಿ.ಮೀ. ಒಳಗಿನ ಓಡಾಟಕ್ಕೆ ಇದೇ ಸಾಕು. ಯಾವ ಗಲ್ಲಿಯಲ್ಲೂ ರಿಪೇರಿಯಾಗುತ್ತದೆ. ಸ್ಟೇಷನ್‌ನಲ್ಲಿ ನಿಲ್ಲಿಸಿ ಹೋಗಲೂ ಇದೇ ವಾಸಿ, ಕಳ್ಳರ ಕಣ್ಣು ಬೀಳುವುದು ಕಡಿಮೆ.
• ಗೇರ್ ಇರುವ ಹೈಬ್ರಿಡ್ ಸೈಕಲ್: ಸುಮಾರು 12,000–25,000 ರೂ. ಏರು ತಗ್ಗಿನ ರಸ್ತೆ ಮತ್ತು 6ರಿಂದ 10 ಕಿ.ಮೀ. ದೂರಕ್ಕೆ ಸೂಕ್ತ.
• ದಪ್ಪ ಟಯರಿನ, ಶಾಕ್ ಅಬ್ಸಾರ್ಬರ್ ಇರುವ ಸೈಕಲ್: ನೋಡಲು ಚೆಂದ. ಆದರೆ ತೂಕ ಹೆಚ್ಚು, ದಿನವೂ ತುಳಿದರೆ ಸುಸ್ತು. ಡಾಂಬರು ರಸ್ತೆಗೆ ಅಗತ್ಯವಿಲ್ಲ.
• ಸೆಕೆಂಡ್ ಹ್ಯಾಂಡ್: ಉತ್ಸಾಹದಲ್ಲಿ ಕೊಂಡು ತಿಂಗಳಲ್ಲೇ ಬಿಟ್ಟವರ ಸೈಕಲ್‌ಗಳು ಅಪಾರ್ಟ್‌ಮೆಂಟ್ ಗುಂಪುಗಳಲ್ಲಿ ಅರ್ಧ ಬೆಲೆಗೂ ಸಿಗುತ್ತವೆ. ರಿಮ್ ವಾಲಿದೆಯೇ, ಫ್ರೇಮ್‌ನಲ್ಲಿ ಬಿರುಕಿದೆಯೇ ಎಂದು ಮೆಕ್ಯಾನಿಕ್‌ಗೆ ತೋರಿಸಿ ಕೊಳ್ಳಿ.

ಸೀರೆ, ಚೂಡಿದಾರ್ ಧರಿಸುವವರಿಗೆ ಅಡ್ಡಕಂಬಿ ಇಲ್ಲದ ಲೇಡೀಸ್ ಸೈಕಲ್ ಅನುಕೂಲ. ಚೈನ್ ಕವರ್ ಮತ್ತು ಹಿಂಚಕ್ರಕ್ಕೆ ಬಟ್ಟೆ ಸಿಕ್ಕದಂತೆ ಗಾರ್ಡ್ ಇರಲೇಬೇಕು.

ಎಲೆಕ್ಟ್ರಿಕ್ ಸೈಕಲ್ ಲಾಭವೇ?

ಏರು ರಸ್ತೆ, 8–10 ಕಿ.ಮೀ. ದೂರ, ಮೊಣಕಾಲಿನ ತೊಂದರೆ ಇರುವವರಿಗೆ ಇದು ಒಳ್ಳೆಯ ಆಯ್ಕೆ. ಬೆಲೆ ಸುಮಾರು 25,000 ರೂ.ಗಳಿಂದ ಶುರು. 36 ವೋಲ್ಟ್, 10 ಆಂಪಿಯರ್ ಅವರ್ ಬ್ಯಾಟರಿ ಪೂರ್ತಿ ಚಾರ್ಜ್ ಆಗಲು ಅರ್ಧ ಯೂನಿಟ್‌ಗಿಂತಲೂ ಕಡಿಮೆ ವಿದ್ಯುತ್ ಸಾಕು. ಹಾಗಾಗಿ ತಿಂಗಳ ಕರೆಂಟ್ ಖರ್ಚು ಹೆಚ್ಚೆಂದರೆ ಐವತ್ತು ಅರವತ್ತು ರೂಪಾಯಿ. ಆದರೆ ಕೆಲವು ವರ್ಷಗಳ ಬಳಿಕ ಬ್ಯಾಟರಿ ಬದಲಿಸಬೇಕು, ಅದು ಸಾವಿರಾರು ರೂಪಾಯಿಯ ಖರ್ಚು. ಕೊಳ್ಳುವ ಮೊದಲು ಹೊಸ ಬ್ಯಾಟರಿಯ ಬೆಲೆ ಕೇಳಿ, ಅದನ್ನು ವರ್ಷಗಳಿಗೆ ಹಂಚಿ ಲೆಕ್ಕ ಹಾಕಿ.

ಕಾನೂನಿನ ಒಂದು ಅಂಶ ಗಮನಿಸಿ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಮೋಟಾರಿನ ಶಕ್ತಿ 250 ವ್ಯಾಟ್ ಮತ್ತು ವೇಗ ಗಂಟೆಗೆ 25 ಕಿ.ಮೀ. ಮಿತಿಯೊಳಗಿರುವ ಸೈಕಲ್‌ಗೆ ಮಾತ್ರ ಲೈಸೆನ್ಸ್, ನೋಂದಣಿಯಿಂದ ವಿನಾಯಿತಿ. ಈ ಮಿತಿ ಮೀರಿದ್ದನ್ನು 'ಲೈಸೆನ್ಸ್ ಬೇಡ ಸರ್' ಎಂದು ಅಂಗಡಿಯವರು ಮಾರಿದರೂ ರಸ್ತೆಯಲ್ಲಿ ಜವಾಬ್ದಾರಿ ನಿಮ್ಮದೇ.

ನಿಮ್ಮ ನಗರದಲ್ಲಿ ಹೇಗಿದೆ?

ಮುಂಬೈ: ಮಳೆಗಾಲದ ನಾಲ್ಕು ತಿಂಗಳು ಕಷ್ಟ, ಉಳಿದಂತೆ ಉಪನಗರಗಳ ಒಳರಸ್ತೆಗಳಲ್ಲಿ ಸ್ಟೇಷನ್‌ವರೆಗಿನ ಓಡಾಟಕ್ಕೆ ಸೈಕಲ್ ಹೇಳಿ ಮಾಡಿಸಿದಂತಿದೆ. ಹೆದ್ದಾರಿ ಮತ್ತು ಫ್ಲೈಓವರ್‌ಗಳನ್ನು ತಪ್ಪಿಸಿ. ಮೆಟ್ರೊ 2ಎ ಮತ್ತು 7ನೇ ಮಾರ್ಗಗಳಲ್ಲಿ ಬೋಗಿಯೊಳಗೆ ಸೈಕಲ್ ಒಯ್ಯಲು 2022ರಲ್ಲಿ ಅವಕಾಶ ಕಲ್ಪಿಸಲಾಯಿತು.

ಪುಣೆ: ಒಂದು ಕಾಲಕ್ಕೆ ಸೈಕಲ್‌ಗಳ ನಗರ ಎಂದೇ ಹೆಸರಾಗಿದ್ದ ಊರು. ದ್ವಿಚಕ್ರ ವಾಹನಗಳು ಆ ಜಾಗ ಹಿಡಿದವು. ಪೇಟೆ ಭಾಗ ಮತ್ತು ಡೆಕ್ಕನ್ ಸುತ್ತ ಸಮತಟ್ಟು, ಹೊರವಲಯದ ಗುಡ್ಡಗಳ ಕಡೆ ಗೇರ್ ಬೇಕು. ಹವಾಮಾನ ಮಾತ್ರ ವರ್ಷದ ಬಹುಪಾಲು ಸೈಕಲ್‌ಗೆ ಅನುಕೂಲ.

ಚೆನ್ನೈ: ನೆಲ ಸಮತಟ್ಟು, ಗೇರ್ ಬೇಕಿಲ್ಲ. ಆದರೆ ಬೆವರು ಮತ್ತು ಬಿಸಿಲು ಜಾಸ್ತಿ. ಬೆಳಗ್ಗೆ 8ಕ್ಕೆ ಮೊದಲು ಹೊರಡುವ ಅವಕಾಶ ಇದ್ದವರಿಗೆ ಸುಲಭ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹಿಂಗಾರು ಮಳೆಯ ದಿನಗಳನ್ನು ಲೆಕ್ಕದಿಂದ ಕಳೆಯಿರಿ.

ಹೈದರಾಬಾದ್: ಬಂಜಾರಾ ಹಿಲ್ಸ್, ಜೂಬಿಲಿ ಹಿಲ್ಸ್‌ನ ಏರುಗಳಲ್ಲಿ ಸಾದಾ ಸೈಕಲ್ ಕಷ್ಟ. ಔಟರ್ ರಿಂಗ್ ರಸ್ತೆಯ ಪಕ್ಕದಲ್ಲಿ ಸೋಲಾರ್ ಚಾವಣಿ ಇರುವ 23 ಕಿ.ಮೀ. ಸೈಕಲ್ ಪಥ 2023ರ ಅಕ್ಟೋಬರ್ 1ರಂದು ಉದ್ಘಾಟನೆಯಾಯಿತು. ನಾನಕ್‌ರಾಮ್‌ಗುಡ, ನಾರ್ಸಿಂಗಿ, ಕೊಲ್ಲೂರು ಸುತ್ತ ವಾಸಿಸುವ ಐಟಿ ಉದ್ಯೋಗಿಗಳಿಗೆ ಇದು ಹತ್ತಿರ.

ದೆಹಲಿ: ನೆಲ ಸಮತಟ್ಟು, ಪೆಟ್ರೋಲ್ ದರವೂ ಈ ನಗರಗಳಲ್ಲೆಲ್ಲ ಕಡಿಮೆ. ಹಾಗಾಗಿ ಹಣದ ಲಾಭ ಸ್ವಲ್ಪ ಕಡಿಮೆ. ಮೇ–ಜೂನ್ ಬಿಸಿಲು, ನವೆಂಬರ್–ಜನವರಿಯ ಕಲುಷಿತ ಗಾಳಿ ಎರಡನ್ನೂ ಗಮನಿಸಬೇಕು. ಗಾಳಿಯ ಗುಣಮಟ್ಟ ತೀವ್ರ ಕಳಪೆ ಎಂದಿರುವ ದಿನ ಮೆಟ್ರೊ ಹತ್ತುವುದೇ ಸರಿ.

ಕರ್ನಾಟಕದ ನಂಟು

ಸೈಕಲ್ ವಿಷಯದಲ್ಲಿ ನಮ್ಮ ರಾಜ್ಯದ ಎರಡು ಕೆಲಸಗಳನ್ನು ನೆನೆಯಬೇಕು. 8ನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ 2006–07ರಲ್ಲಿ ಶುರುವಾಯಿತು. ಹಳ್ಳಿಯ ಎಷ್ಟೋ ಹೆಣ್ಣುಮಕ್ಕಳು ಹೈಸ್ಕೂಲ್‌ಗೆ ಹೋಗಿ ಬಂದದ್ದು ಅದರ ಮೇಲೆ. ಮೈಸೂರಿನ 'ಟ್ರಿಣ್ ಟ್ರಿಣ್' ಸಾರ್ವಜನಿಕ ಬಾಡಿಗೆ ಸೈಕಲ್ ವ್ಯವಸ್ಥೆ 2017ರ ಜೂನ್‌ನಲ್ಲಿ 450 ಸೈಕಲ್‌ಗಳೊಂದಿಗೆ ಆರಂಭವಾಗಿ ದೇಶದ ಗಮನ ಸೆಳೆಯಿತು.

2011ರ ಜನಗಣತಿಯಲ್ಲಿ ಕೃಷಿ ಮತ್ತು ಗೃಹೋದ್ಯಮ ಬಿಟ್ಟು ಇತರ ಕೆಲಸಗಳಲ್ಲಿದ್ದವರ ಪೈಕಿ ಶೇ 13ರಷ್ಟು ಜನ ಸೈಕಲ್‌ನಲ್ಲೇ ಕೆಲಸಕ್ಕೆ ಹೋಗುತ್ತಿದ್ದರು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದ ಅರ್ಧದಷ್ಟು ಮನೆಗಳಲ್ಲಿ ಸೈಕಲ್ ಇದೆ. ಸೈಕಲ್ ತುಳಿಯುವುದು ಹೊಸ ಫ್ಯಾಷನ್ ಅಲ್ಲ. ಕಟ್ಟಡ ಕೆಲಸಗಾರರು, ಸೆಕ್ಯೂರಿಟಿ ಗಾರ್ಡ್‌ಗಳು, ಪೇಪರ್ ಹಾಕುವ ಹುಡುಗರು ಇದನ್ನು ಎಂದೂ ಬಿಟ್ಟಿಲ್ಲ.

ಸುರಕ್ಷತೆ: ಇಲ್ಲಿ ಉಳಿತಾಯ ಬೇಡ

2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಗಳಿಂದ ಸತ್ತವರು 1.68 ಲಕ್ಷ. ಅವರಲ್ಲಿ ಸೈಕಲ್ ಸವಾರರು ನಾಲ್ಕೂವರೆ ಸಾವಿರಕ್ಕೂ ಹೆಚ್ಚು. ನೀವು ಹೋಗುವ ದಾರಿಯಲ್ಲಿ ಲಾರಿ, ಬಸ್ಸುಗಳು ವೇಗವಾಗಿ ಓಡುವ ರಸ್ತೆ ಬಿಟ್ಟರೆ ಬೇರೆ ದಾರಿಯೇ ಇಲ್ಲ ಎಂದಾದರೆ ಸೈಕಲ್ ಯೋಚನೆ ಬಿಡಿ. ತಿಂಗಳಿಗೆ ಸಾವಿರ ರೂಪಾಯಿಗಾಗಿ ಜೀವ ಪಣಕ್ಕಿಡಬೇಕಿಲ್ಲ.

• ಹೆಲ್ಮೆಟ್: ಸೈಕಲ್‌ಗೆ ಕಾನೂನಿನ ಕಡ್ಡಾಯವಿಲ್ಲ. ತಲೆಗೆ ಅದು ಗೊತ್ತಿಲ್ಲ. ಧರಿಸಿ.
• ಲೈಟು: ಮುಂದೆ ಬಿಳಿ, ಹಿಂದೆ ಕೆಂಪು. ಸಂಜೆ ಆರರ ನಂತರ ತಿಳಿ ಬಣ್ಣದ ಬಟ್ಟೆ ಅಥವಾ ಹೊಳೆಯುವ ಪಟ್ಟಿ ಇರುವ ಜಾಕೆಟ್.
• ಎಡತಿರುವಿನಲ್ಲಿ ಬಸ್ಸು, ಲಾರಿಯ ಎಡಪಕ್ಕದಲ್ಲಿ ನಿಲ್ಲಬೇಡಿ. ಚಾಲಕನಿಗೆ ನೀವು ಕಾಣುವುದಿಲ್ಲ.
• ನಿಂತ ಕಾರುಗಳಿಂದ ಒಂದು ಮೀಟರ್ ದೂರವಿರಿ. ಬಾಗಿಲು ಯಾವಾಗ ತೆರೆಯುತ್ತದೋ ಹೇಳಲಾಗದು.
• ಕಿವಿಗೆ ಇಯರ್‌ಫೋನ್ ಬೇಡ. ಎದುರು ದಿಕ್ಕಿನಲ್ಲಿ ಸವಾರಿ ಬೇಡವೇ ಬೇಡ.

ಅಪಘಾತವಾದರೆ ಸೈಕಲ್ ಸವಾರರಿಗೂ ಹಕ್ಕುಗಳಿವೆ. ಡಿಕ್ಕಿ ಹೊಡೆದ ವಾಹನದ ಥರ್ಡ್ ಪಾರ್ಟಿ ವಿಮೆಯಿಂದ ಪರಿಹಾರ ಕೋರಿ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ವಾಹನ ಪತ್ತೆಯಾಗದಿದ್ದರೆ, 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಹಿಟ್ ಅಂಡ್ ರನ್ ಯೋಜನೆಯಡಿ ಗಂಭೀರ ಗಾಯಕ್ಕೆ 50,000 ರೂ., ಸಾವಿಗೆ 2 ಲಕ್ಷ ರೂ. ಪರಿಹಾರವಿದೆ. ಮೋಟಾರು ವಾಹನದಿಂದ ಗಾಯಗೊಂಡವರಿಗೆ 1.5 ಲಕ್ಷ ರೂ.ವರೆಗೆ, ಗರಿಷ್ಠ ಏಳು ದಿನ ನಗದುರಹಿತ ಚಿಕಿತ್ಸೆ ನೀಡುವ ಯೋಜನೆಯನ್ನು ಕೇಂದ್ರ ಸರ್ಕಾರ 2025ರ ಮೇನಲ್ಲಿ ಅಧಿಸೂಚಿಸಿದೆ. ಮನೆಯವರಿಗೂ ಇದು ಗೊತ್ತಿರಲಿ. ಪೊಲೀಸರಿಗೆ ಮಾಹಿತಿ ಕೊಟ್ಟು ದಾಖಲೆ ಮಾಡಿಸುವುದನ್ನು ಮರೆಯಬೇಡಿ.

ಬೆವರು, ಮೊಣಕಾಲು, ಆಫೀಸಿನ ಬಟ್ಟೆ

ನಗರದಲ್ಲಿ ಸೈಕಲ್‌ನ ಸರಾಸರಿ ವೇಗ ಗಂಟೆಗೆ 12ರಿಂದ 15 ಕಿ.ಮೀ. ಅಂದರೆ 6 ಕಿ.ಮೀ.ಗೆ 25–30 ನಿಮಿಷ. ಪೈಪೋಟಿಗೆ ಬಿದ್ದವರಂತೆ ತುಳಿಯದಿದ್ದರೆ ಬೆವರು ಕಡಿಮೆ. ಬ್ಯಾಗನ್ನು ಬೆನ್ನಿಗೆ ಹಾಕುವ ಬದಲು ಕ್ಯಾರಿಯರ್‌ಗೆ ಕಟ್ಟಿದರೆ ಅಂಗಿ ಒದ್ದೆಯಾಗುವುದಿಲ್ಲ. ಒಂದು ಟವೆಲ್, ಒಂದು ಅಂಗಿ ಆಫೀಸಿನಲ್ಲೇ ಇಟ್ಟಿರಿ.

ಮೊಣಕಾಲು ನೋವಿಗೆ ಸೀಟು ತಗ್ಗಿರುವುದು ಸಾಮಾನ್ಯ ಕಾರಣ. ಪೆಡಲ್ ಕೆಳಗಿದ್ದಾಗ ಕಾಲು ಬಹುತೇಕ ನೇರವಾಗುವಂತೆ, ಮೊಣಕಾಲು ಸ್ವಲ್ಪವೇ ಮಡಚಿರುವಂತೆ ಸೀಟಿನ ಎತ್ತರ ಸರಿಮಾಡಿ. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಪ್ರಮಾಣದ ದೈಹಿಕ ಚಟುವಟಿಕೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ವಾರಕ್ಕೆ ಮೂರು ದಿನ ಸೈಕಲ್‌ನಲ್ಲಿ ಆಫೀಸಿಗೆ ಹೋಗಿ ಬಂದರೆ 150 ನಿಮಿಷ ಮುಗಿಯಿತು. ಜಿಮ್ ಫೀಸು ಕಟ್ಟುತ್ತಿದ್ದವರಿಗೆ ಅದೂ ಉಳಿತಾಯದ ಲೆಕ್ಕಕ್ಕೆ. ಹೃದಯದ ತೊಂದರೆ, ತಲೆ ಸುತ್ತು, ನಿಯಂತ್ರಣದಲ್ಲಿಲ್ಲದ ಬಿಪಿ ಇದ್ದವರು ವೈದ್ಯರನ್ನು ಕೇಳಿಯೇ ಶುರು ಮಾಡಿ.

ಶುರು ಮಾಡುವುದು ಹೇಗೆ?

1. ಮೊದಲು ಸೈಕಲ್ ಕೊಳ್ಳಬೇಡಿ. ಒಂದು ವಾರ ಬಾಡಿಗೆಗೆ ಅಥವಾ ಗೆಳೆಯರಿಂದ ಎರವಲು ಪಡೆಯಿರಿ.
2. ಭಾನುವಾರ ಬೆಳಗ್ಗೆ ಆಫೀಸಿನ ದಾರಿಯಲ್ಲಿ ಒಮ್ಮೆ ಹೋಗಿ ಬನ್ನಿ. ಮುಖ್ಯ ರಸ್ತೆ ಬಿಟ್ಟು ಒಳರಸ್ತೆ ಹುಡುಕಿ.
3. ಆಫೀಸು, ಸ್ಟೇಷನ್‌ನಲ್ಲಿ ನಿಲ್ಲಿಸುವ ಜಾಗ, ಬೀಗ ಹಾಕಲು ಕಂಬ ಇದೆಯೇ ನೋಡಿ.
4. ಮೊದಲ ತಿಂಗಳು ವಾರಕ್ಕೆ ಎರಡು ದಿನ. ಅಭ್ಯಾಸವಾದ ಮೇಲೆ ಮೂರು, ನಾಲ್ಕು.
5. ತಿಂಗಳ ಪೆಟ್ರೋಲ್, ಆಟೊ ಖರ್ಚನ್ನು ಬರೆದಿಡಿ. ಮೂರು ತಿಂಗಳ ನಂತರ ಹೋಲಿಸಿ.

ಓದುಗರು ಕೇಳಬಹುದಾದ ಪ್ರಶ್ನೆಗಳು

ಸ್ಕೂಟರ್ ಮಾರಿಬಿಡಬಹುದೇ?
ಅವಸರ ಬೇಡ. ಒಂದು ಮಳೆಗಾಲ, ಒಂದು ಬೇಸಿಗೆ ಸೈಕಲ್‌ನಲ್ಲಿ ಕಳೆಯಿರಿ. ಅಷ್ಟರಲ್ಲಿ ಸ್ಕೂಟರ್ ತಿಂಗಳಿಗೆ ಒಂದೆರಡು ಸಲ ಮಾತ್ರ ಹೊರಬಂದಿದ್ದರೆ ಮಾರಿ. ಆ ದಿನಗಳಿಗೆ ಆಟೊ ಸಾಕು.

ನಿಲ್ಲಿಸಿದ ಗಾಡಿಗೆ ವಿಮೆ ಬೇಕೇ?
ರಸ್ತೆಗೆ ಇಳಿಸುವ ಯಾವ ಮೋಟಾರು ವಾಹನಕ್ಕೂ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಅಪರೂಪಕ್ಕೆ ಓಡಿಸಿದರೂ ಅಷ್ಟೇ.

ಎಷ್ಟು ದೂರದವರೆಗೆ ಸೈಕಲ್ ಸರಿ?
ಒಂದು ಕಡೆಗೆ 5–6 ಕಿ.ಮೀ.ವರೆಗೆ ಹೆಚ್ಚಿನವರಿಗೆ ಸುಲಭ. 10 ಕಿ.ಮೀ. ಮೀರಿದರೆ ಎಲೆಕ್ಟ್ರಿಕ್ ಸೈಕಲ್ ಅಥವಾ ಸೈಕಲ್ ಜೊತೆ ರೈಲು ಒಳ್ಳೆಯದು.

ಪರಿಸರಕ್ಕೆ ಎಷ್ಟು ಲಾಭ?
ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ. ಕಾರಿನ 140 ಲೀಟರ್ ಉಳಿಸಿದರೆ ವರ್ಷಕ್ಕೆ 320 ಕಿಲೋ ಕಡಿಮೆ.

ಕೊನೆಯದಾಗಿ, ನಿಮ್ಮದೇ ಲೆಕ್ಕ ಹಾಕಿ

ಕೊಳ್ಳುವ ಮೊದಲು ಒಂದು ಚೀಟಿಯಲ್ಲಿ ನಾಲ್ಕು ಸಾಲು ಬರೆಯಿರಿ. ಹೋಗಿ ಬರುವ ದೂರವನ್ನು ವರ್ಷದಲ್ಲಿ ನಿಜವಾಗಿ ತುಳಿಯುವ ದಿನಗಳಿಂದ ಗುಣಿಸಿ. ಅದನ್ನು ಗಾಡಿಯ ಮೈಲೇಜ್‌ನಿಂದ ಭಾಗಿಸಿ, ಪೆಟ್ರೋಲ್ ದರದಿಂದ ಗುಣಿಸಿ. ಆಟೊ ಆಗಿದ್ದರೆ ಒಂದು ದಿನದ ಬಾಡಿಗೆಯನ್ನು ದಿನಗಳಿಂದ ಗುಣಿಸಿದರೆ ಸಾಕು. ಬಂದದ್ದರಲ್ಲಿ ಸೈಕಲ್‌ನ 1,800 ರೂ. ಕಳೆಯಿರಿ. ಉಳಿದ ಮೊತ್ತ ಒಂದೂವರೆ ವರ್ಷದಲ್ಲಿ ಸೈಕಲ್‌ನ ಬೆಲೆಯನ್ನು ತುಂಬಿಕೊಡುವಂತಿದ್ದರೆ, ದಾರಿಯೂ ಸುರಕ್ಷಿತವಾಗಿದ್ದರೆ, ಹಣದ ದೃಷ್ಟಿಯಿಂದ ನಿಮ್ಮ ನಿರ್ಧಾರ ಸರಿ. ಹಾಗಿಲ್ಲದಿದ್ದರೆ ಹಳೆಯ ಸೈಕಲ್ ಒಂದನ್ನು ಹುಡುಕಿ, ಇಲ್ಲವೇ ಬಸ್ ಪಾಸ್ ಮಾಡಿಸಿ. ಎರಡರಲ್ಲೂ ನಷ್ಟವೇನಿಲ್ಲ.